ನಡುವಿನ ಗುಡಿಸಲು

ನಾವು ಬೆಟ್ಟದಲ್ಲಿ ಅರ್ಧ ದಾರಿಗೇ ಹಿಂದಿರುಗಿದ್ದು ಅತ್ತೆಯ ಮೊಣಕಾಲು ನೋವಿನಿಂದಲ್ಲ, ನಾನು ಮುಚ್ಚಿಟ್ಟ ಒಂದು ಮಾತಿನಿಂದ. ನಾಲ್ಕು ವರ್ಷ ಆ ತಪ್ಪನ್ನು ಅವರು ಹೊತ್ತರು. ನಾನು ಹೊರಲು ಬಿಟ್ಟೆ.

ಹಿಮಾಲಯದ ತಪ್ಪಲಿನಲ್ಲಿ ಮೂರು ದಿನದ ನಡಿಗೆ, ರಾತ್ರಿಗೊಂದು ಗುಡಿಸಲು. ಮಕ್ಕಳೂ ಹಿರಿಯರೂ ನಡೆಯಬಹುದಾದ ದಾರಿ ಎಂದು ಎಲ್ಲೋ ಓದಿ ನಾನೇ ಹಟ ಹಿಡಿದಿದ್ದೆ. ಹೊರಟವರು ನಾಲ್ವರು: ನಾನು, ನನ್ನ ಗಂಡ ಮಂಜುನಾಥ, ಎಂಟು ವರ್ಷದ ಮಗಳು ಸಿಂಚನಾ, ಅತ್ತೆ ಶಾಂತಮ್ಮ. ಎರಡು ತಿಂಗಳು ಮುಂಜಾನೆ ನಮ್ಮೂರು ಕೊಟ್ಟೂರಿನಿಂದ ಕೂಡ್ಲಿಗಿ ರಸ್ತೆಗುಂಟ ನಡೆದು ಅಭ್ಯಾಸ ಮಾಡಿದೆವು. ಅತ್ತೆ ಸೀರೆಯ ಕೆಳಗೆ ಕ್ಯಾನ್ವಾಸ್ ಬೂಟು ತೊಟ್ಟು, ಮೊಮ್ಮಗಳ ಹಳೆಯ ಚೀಲದಲ್ಲಿ ಜೋಳ ತುಂಬಿ ಬೆನ್ನಿಗೆ ಹಾಕಿಕೊಳ್ಳುತ್ತಿದ್ದರು.

ಚಹಾ ಅಂಗಡಿಯವನು ಒಮ್ಮೆ ಕೂಗಿದ: "ಯಾವ ಹರಕಿ ರೀ ಅಮ್ಮಾ ಇದು?"

"ಹರಕಿ ಸೊಸಿದು, ನಡಿಯೋದು ಅತ್ತಿ," ಎಂದರು ಅತ್ತೆ, ನಿಲ್ಲದೆ.

ಯಾವ ದಿನ ಎಷ್ಟು ನಡೆಯಬೇಕೆಂಬ ಪಟ್ಟಿ ನನ್ನದು. ನನ್ನ ತವರು ಹರಪನಹಳ್ಳಿ. ಅಲ್ಲಿಂದ ಕೊಟ್ಟೂರಿಗೆ ಪಾದಯಾತ್ರೆ ಬಂದು ಬಂದು ಗಂಟೆಗೆ ಎಷ್ಟು ದೂರ ಎಂಬ ಅಂದಾಜು ಕಾಲಿನಲ್ಲೇ ಕೂತಿತ್ತು. ಅದೇ ಅಂದಾಜನ್ನು ಬೆಟ್ಟಕ್ಕೂ ಹಾಕಿದೆ. ಎರಡನೇ ದಿನ ಹನ್ನೊಂದು ಕಿಲೋಮೀಟರ್ — ಅದೇನು ಮಹಾ? ಬಯಲಿನವಳಿಗೆ ದಾರಿ ಎಂದರೆ ಉದ್ದ ಮಾತ್ರ. ಏರು ಹೊಳೆಯಲಿಲ್ಲ...

ಹೊಳೆಯಲಿಲ್ಲ ಎನ್ನುವುದೂ ಪೂರ್ತಿ ನಿಜವಲ್ಲ. ಹೊರಡುವ ವಾರ ಗುಡಿಸಲು ನೋಡಿಕೊಳ್ಳುವಾತ ಹಿಂದಿಯಲ್ಲಿ ಧ್ವನಿ ಸಂದೇಶ ಕಳಿಸಿದ್ದ: ಮಗುವಿದೆ, ಹಿರಿಯರಿದ್ದಾರೆ, ಎರಡನೇ ದಿನದ ಏರನ್ನು ಒಂದೇ ದಿನ ಹತ್ತಬೇಡಿ, ನಡುವಿನ ಗುಡಿಸಲಿನಲ್ಲಿ ಒಂದು ರಾತ್ರಿ ಉಳಿಯಿರಿ. ಕೇಳಿದೆ. ಯಾರಿಗೂ ಹೇಳಲಿಲ್ಲ. ಒಂದು ದಿನ ಹೆಚ್ಚಾದರೆ ಮಂಜುನಾಥ ಪ್ರವಾಸವನ್ನೇ ಬಿಡುತ್ತಾರೆಂಬ ಭಯ ಇತ್ತು. ಅದಕ್ಕಿಂತ ಹೆಚ್ಚಾಗಿ — ಎಲ್ಲರೂ ಹೊಗಳಿದ ಪಟ್ಟಿಯನ್ನು ತಿದ್ದಲು ನನಗೆ ಮನಸ್ಸಿರಲಿಲ್ಲ.

ಎರಡನೇ ದಿನ ನಡುವಿನ ಗುಡಿಸಲನ್ನು ದಾಟಿ ಮುಂದೆ ಹೋದೆವು. ಸ್ವಲ್ಪ ಹೊತ್ತಿಗೆ ಸಿಂಚನಾ ಮಾತು ನಿಲ್ಲಿಸಿದಳು. ಆಮೇಲೆ ವಾಂತಿ. ತುಟಿ ಬಿಳಿಚಿತ್ತು. "ಇನ್ನೆಷ್ಟು ದೂರ ಐತಿ?" ಎಂದರು ಮಂಜುನಾಥ. "ಇಲ್ಲೇ ಐತಿ," ಎಂದೆ. ನನಗೆ ಗೊತ್ತಿರಲಿಲ್ಲ.

ಅತ್ತೆ ಮಗುವಿನ ಮುಖ ನೋಡಿದರು, ನನ್ನ ಮುಖ ನೋಡಿದರು. ಬಂಡೆಯ ಮೇಲೆ ಕುಕ್ಕರಿಸಿ ಮೊಣಕಾಲು ಹಿಡಿದುಕೊಂಡರು.

"ಮೊಣಕಾಲು ಒಲ್ಲೆ ಅಂತೈತಪ್ಪಾ. ಹಿಂದ ಕಂಡ ಗುಡಿಸಲಕ್ಕ ನಡೀರಿ."

"ಅದಕ್ಕ ಅವ್ವನ್ನ ಬಿಟ್ಟು ಬರೂಣು ಅಂದಿದ್ದೆ," ಎಂದು ಮಂಜುನಾಥ ಸಿಡುಕಿದರು. ನಾನು ಬಾಯಿ ತೆರೆಯಬೇಕಾಗಿದ್ದ ಗಳಿಗೆ ಅದು. ತೆರೆಯಲಿಲ್ಲ.

ಇಳಿಯುವಾಗ ಅತ್ತೆ ಮಗಳ ಚೀಲವನ್ನೂ ಹೊತ್ತು ಎಲ್ಲರಿಗಿಂತ ಮುಂದೆ ಇದ್ದರು, ಕುಂಟದೆ. ಅಥವಾ ಇದು ನಾನು ಆಮೇಲೆ ಸೇರಿಸಿಕೊಂಡ ನೆನಪೋ? ಡೈರಿ ತೆಗೆದು ನೋಡಿದೆ: "ಅತ್ತೆಗೆ ಮೊಣಕಾಲು ನೋವು. ಹಿಂದಿರುಗಿದೆವು." ಅಷ್ಟೇ. ನೆನಪನ್ನು ನಂಬದೆ ಬರೆದಿಡುವವಳು ನಾನು, ಬರೆದದ್ದೇ ಸುಳ್ಳು. ಆದರೆ ಗುಡಿಸಲಿನ ಬಿಸಿ ಬೇಳೆ ಅನ್ನ ಉಂಡು, ಅಜ್ಜಿಯ ಮಗ್ಗುಲಲ್ಲಿ ಮಲಗಿ, ಬೆಳಿಗ್ಗೆ ನಗುತ್ತ ಎದ್ದ ಮಗಳು — ಆ ನಗುವಿನಲ್ಲಿ ನನಗೆ ಸಂದೇಹವಿಲ್ಲ. ಅದನ್ನು ನನಗೆ ಉಳಿಸಿಕೊಟ್ಟವರು ಅತ್ತೆ.

ಅಂದಿನಿಂದ ಹಡಗಲಿಯ ಮದುವೆ ಇರಲಿ, ಹಗರಿಬೊಮ್ಮನಹಳ್ಳಿಯ ಸೀಮಂತ ಇರಲಿ, ನೆಂಟರ ನಡುವೆ ಒಂದೇ ನಗೆಚಟಾಕಿ: "ಹಿಮಾಲಯದಿಂದ ತಿರುಗಿಸಿದ ಮೊಣಕಾಲು ಬಂತು ನೋಡ್ರಿ!" ಅತ್ತೆಯೂ ನಗುತ್ತಿದ್ದರು. ನಾನೂ ನಕ್ಕಿದ್ದೇನೆ.

ಈ ಬೇಸಿಗೆಗೆ ಮತ್ತೆ ಹೋಗೋಣವೆಂದು ಮಂಜುನಾಥ ಮಾತೆತ್ತಿದರು. "ಈ ಸಲ ಅವ್ವ ಮನ್ಯಾಗ ಇರ್ಲಿ." ಸೊಪ್ಪು ಸೋಸುತ್ತಿದ್ದ ಅತ್ತೆಯ ಕೈ ಒಂದು ಕ್ಷಣ ನಿಂತಿತು. ನನಗೆ ಅದು ಸಾಕಾಯಿತು.

ಹಳೆಯ ಸಂದೇಶ ಫೋನಿನಲ್ಲಿ ಇನ್ನೂ ಇತ್ತು. ಮೂವರ ಮುಂದೆ ಹಾಕಿದೆ. ಅದರ ಅರ್ಥ ಹೇಳಿದೆ, ಮುಚ್ಚಿಟ್ಟದ್ದನ್ನೂ ಹೇಳಿದೆ. ಮಂಜುನಾಥ ಫೋನು ತೆಗೆದುಕೊಂಡು ಸಂದೇಶವನ್ನು ಮತ್ತೊಮ್ಮೆ ಹಾಕಿದರು.

ಸಿಂಚನಾ ಅಜ್ಜಿಯ ಕಡೆ ತಿರುಗಿದಳು. "ಅಜ್ಜಿ, ಹಂಗಾರ ನಿನ್ನ ಕಾಲು ನೋಯ್ತಿರ್ಲಿಲ್ಲೇನು?"

"ನಿನ್ನ ಮಾರಿ ನೋಡಿ ನೋಯ್ತವ್ವಾ."

"ನೀನೂ ಬಾ ಅವ್ವಾ," ಎಂದರು ಮಂಜುನಾಥ.

"ಬರ್ತೀನಿ. ದಿನಕ್ಕೆಷ್ಟು ನಡೀಬೇಕಂತ ನಾ ಹೇಳ್ತೀನಿ. ಈಕಿ ಬರಕೊಳ್ಳಲಿ."

ಬರೆದುಕೊಂಡೆ. ಅವರು ನಿಲ್ಲು ಎಂದಲ್ಲೆಲ್ಲ ನಿಲ್ಲುತ್ತೇನೆ. "ತಪ್ಪಾತ್ರಿ ಅತ್ತಿ," ಎಂದೂ ಅಂದೆ. ಅವರು ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದರು. ಉತ್ತರ ಕೇಳುವ ಹಕ್ಕು ನನಗಿಲ್ಲ.