ಸಿಹಿನೀರಿನ ನಕ್ಷೆ

ರಾಯಚೂರಿನ ತೀನ್ ಕಂದೀಲ್ ವೃತ್ತದಲ್ಲಿ ನಿಂತು ಯಾರ ಮನೆಯ ದಾರಿಯನ್ನಾದರೂ ಕೇಳಿ ನೋಡಿ. "ಗೊತ್ತಿಲ್ಲ" ಎಂಬ ಉತ್ತರ ನಿಮಗೆ ಸಿಗಲಾರದು. ಬಾಳೆಹಣ್ಣಿನ ಬಂಡಿಯವನು, ಆಟೊದವನು, ಎಲೆಯಡಿಕೆ ಜಗಿಯುತ್ತ ನಿಂತ ಹಿರಿಯರು, ಎಲ್ಲರೂ ಒಂದು ಕ್ಷಣ ಗಂಭೀರವಾಗಿ ಆಕಾಶ ನೋಡಿ, "ಸೀದಾ ಹೋಗ್ರಿ, ಎಡಕ್ಕ ಹೊಳ್ರಿ, ಅಲ್ಲಿ ಯಾರನ್ನರ ಕೇಳ್ರಿ" ಎಂದು ಕೈ ತೋರುತ್ತಾರೆ. ಆ ಕೈ ತೋರಿದ ದಿಕ್ಕಿಗೂ ನೀವು ಹುಡುಕುತ್ತಿರುವ ಮನೆಗೂ ಸಂಬಂಧವಿರಲೇಬೇಕೆಂದೇನೂ ಇಲ್ಲ. ಕೇಳಿಕೊಂಡು ಬಂದವರನ್ನು ಉತ್ತರವಿಲ್ಲದೆ ಕಳುಹಿಸುವುದು ನಮ್ಮಲ್ಲಿ ಮರ್ಯಾದೆಯಲ್ಲ, ಅಷ್ಟೆ. ನಾನೂ ಎಷ್ಟೋ ಮಂದಿ ಅಪರಿಚಿತರನ್ನು ಅತ್ಯಂತ ವಿನಯದಿಂದ ಸ್ಟೇಷನ್ ರಸ್ತೆಯ ಕಡೆಗೆ ರವಾನಿಸಿದ್ದೇನೆ. ಅವರಲ್ಲಿ ಕೆಲವರಾದರೂ ರೈಲು ಹಿಡಿದು ಸುಖವಾಗಿ ಊರು ಸೇರಿರಬಹುದು.

ಇಂಥ ಊರಿನಲ್ಲಿ ಕೂತು, ನಿಖರ ಮಾಹಿತಿ ಸಂಗ್ರಹಿಸುವ ಮೊಬೈಲು ಫಾರಂಗಳನ್ನು ರೂಪಿಸುವುದು ನನ್ನ ಹೊಟ್ಟೆಪಾಡು. ಹಳ್ಳಿಹಳ್ಳಿಗೆ ಸರ್ವೆಗೆಂದು ಹೋಗುವವರ ಫೋನಿನಲ್ಲಿ ಒಂದರ ಹಿಂದೊಂದು ತೆರೆದುಕೊಳ್ಳುತ್ತವಲ್ಲ, ಆ ಪ್ರಶ್ನೆಗಳು, ಅವುಗಳ ಕೆಳಗಿನ ಆಯ್ಕೆಗಳು, ಉತ್ತರಿಸದೆ ಮುಂದೆ ಬಿಡೆನೆಂದು ಹಟ ಹಿಡಿಯುವ ಕೆಂಪು ನಕ್ಷತ್ರಗಳು, ಎಲ್ಲವೂ ನನ್ನ ಸೃಷ್ಟಿ. ಅವರು ತುಂಬಿದ್ದು ನಮ್ಮ ಕಚೇರಿಯ ಗೋಡೆಯ ಪರದೆಯ ಮೇಲೆ ಬಣ್ಣಬಣ್ಣದ ಚುಕ್ಕೆಗಳ ನಕ್ಷೆಯಾಗುತ್ತದೆ. ಬೆಳಿಗ್ಗೆ ಮನೆಯಂಗಳದಲ್ಲಿ ಎಳೆಯುವುದು ಒಂದು ಚುಕ್ಕಿ ರಂಗೋಲಿ, ಹತ್ತು ಗಂಟೆಗೆ ಕಚೇರಿಯಲ್ಲಿ ಎಳೆಯುವುದು ಇನ್ನೊಂದು. ಮೊದಲನೆಯದರಲ್ಲಿ ಚುಕ್ಕಿ ತಪ್ಪಿದರೆ ಕೂಡಲೇ ಕಣ್ಣಿಗೆ ಬೀಳುತ್ತದೆ ಎಂಬುದಷ್ಟೇ ವ್ಯತ್ಯಾಸ.

ನಮ್ಮ ಸಾಹೇಬರು ನನಗಿಂತ ವಯಸ್ಸಿನಲ್ಲಿ ಬಹಳ ಕಿರಿಯರು, ಆತ್ಮವಿಶ್ವಾಸದಲ್ಲಿ ಬಹಳ ಹಿರಿಯರು. "ಮಂದಿ ಮಾತು ನಂಬಬ್ಯಾಡ್ರಿ ಮೇಡಂ, ಫೋನ್ ಕಂಡಿದ್ದು ನಂಬ್ರಿ" ಎಂಬುದು ಅವರ ನಿತ್ಯಪಾರಾಯಣ. ಅದರ ಪ್ರಕಾರ ಮಾನ್ವಿಯ ಸರ್ವೆಯೊಂದರಲ್ಲಿ, ಮನೆ ಇರುವ ಜಾಗವನ್ನು ಜಿಪಿಎಸ್ಸು ಕೂದಲೆಳೆಯಷ್ಟು ಸರಿಯಾಗಿ ಹಿಡಿಯುವವರೆಗೆ ಫಾರಂ ಮುಂದೆ ಸರಿಯದಂತೆ ಮಾಡಿದ್ದೆ. ಹಳೆಯ ಓಣಿಗಳಲ್ಲಿ ಎರಡೂ ಕಡೆ ಕಲ್ಲಿನ ಗೋಡೆ, ನಡುವೆ ಆಕಾಶವೆಂಬುದು ಧೋತರದ ಅಂಚಿನಷ್ಟು. ಫೋನು ಉಪಗ್ರಹವನ್ನು ಕಾಣದು, ಫಾರಂ ಸರ್ವೆಯವರನ್ನು ಬಿಡದು. ಕೊನೆಗೆ ನಮ್ಮ ಸರ್ವೆಯ ಹುಡುಗ ಬಸವರಾಜ ಒಂದು ಮನೆಯ ಮಾಳಿಗೆ ಹತ್ತಿ, ಫೋನನ್ನು ಎತ್ತಿ ಹಿಡಿದು, ನಿಖರತೆಗಾಗಿ ಕಾಯುತ್ತ ನಿಂತ. ಮಾಳಿಗೆಯಿಂದ ಪಕ್ಕದ ಮನೆಯ ಬಚ್ಚಲು ಕಾಣುತ್ತದೆಂಬುದೂ ಆ ಬಚ್ಚಲಿಗೆ ಸೂರಿಲ್ಲವೆಂಬುದೂ ಉಪಗ್ರಹಕ್ಕೆ ಗೊತ್ತಿದ್ದಿರಬಹುದು, ಅವನಿಗೆ ಗೊತ್ತಿರಲಿಲ್ಲ. "ಯಾರ್ಲೇ ಅವ, ಫೋನ್ ಹಿಡಕೊಂಡ ನಿಂತಾನ! ಇಳೀತೀಯೋ, ನಾ ಬರ್ಲ್ಯೋ?" ಎಂಬ ಹೆಣ್ಣುದನಿಗೆ ಅವನು ಇಳಿದದ್ದಲ್ಲ, ಉದುರಿದ್ದು. ಅಂದಿನಿಂದ ಅವನು ಇಡೀ ಓಣಿಯ ಮನೆಗಳನ್ನು ಓಣಿಯ ತುದಿಯ ಬಯಲಲ್ಲಿ ನಿಂತೇ ದಾಖಲಿಸಿದ. ನಮ್ಮ ನಕ್ಷೆಯಲ್ಲಿ ಅವೆಲ್ಲ ಒಂದರ ಮೇಲೊಂದು ಕೂತು, ಮಾನ್ವಿಯಲ್ಲಿ ಯಾರೋ ದೊಡ್ಡ ಗೋಪುರ ಕಟ್ಟಿಸಿದಂತೆ ಕಾಣುತ್ತಿದ್ದವು.

ಇಷ್ಟಾದ ಮೇಲೂ ನನಗೆ ಬುದ್ಧಿ ಬರಲಿಲ್ಲವೆಂಬುದಕ್ಕೆ ದೇವದುರ್ಗ ತಾಲ್ಲೂಕಿನ ನೀರಿನ ಸರ್ವೆಯೇ ಸಾಕ್ಷಿ. ಯಾವ ಓಣಿಯ ಬೋರಿಂಗಿನ ನೀರು ಸಿಹಿ, ಯಾವುದರದು ಸವಳು ಎಂಬುದು ನಕ್ಷೆಯಲ್ಲಿ ಮೂಡಬೇಕು. ಬೇಸಿಗೆಯಲ್ಲಿ ಕುಡಿಯುವ ನೀರಿನ ಟ್ಯಾಂಕರು ಸವಳಿನ ಕೆಂಪು ಚುಕ್ಕೆಯ ಓಣಿಗೆ ಹೋಗಬೇಕು, ಸಿಹಿಯ ನೀಲಿ ಚುಕ್ಕೆಯದಕ್ಕೆ ಬೇಡ. ಜನ ಟ್ಯಾಂಕರಿನ ಆಸೆಗೆ ಸುಳ್ಳು ಹೇಳಿಯಾರೆಂದು ಸಾಹೇಬರಿಗೆ ಭಯ. ಆಗ ನಾನು, ಅಡುಗೆಮನೆಯ ಅನುಭವವೆಲ್ಲ ಉಕ್ಕಿಬಂದವಳಂತೆ, ಒಂದು ಅಪೂರ್ವ ಪ್ರಶ್ನೆಯನ್ನು ಹೊಸೆದೆ: "ನೀರನ್ನು ಸ್ವತಃ ಕುಡಿದು ರುಚಿ ದಾಖಲಿಸಿ. ಕುಡಿದ ಪಾತ್ರೆಯ ಫೋಟೋ ತೆಗೆಯಿರಿ." ಪಕ್ಕದಲ್ಲಿ ಕೆಂಪು ನಕ್ಷತ್ರ. ಸಾಹೇಬರು ಹಿಗ್ಗಿ, ಕಚೇರಿಗೆಲ್ಲ ಮಿರ್ಚಿ ಭಜಿ ತರಿಸಿದರು.

ನಕ್ಷೆ ಬಂತು. ಊರಿಗೆ ಊರೇ ನೀಲಿ! ಸವಳು ನೀರಿಗೆ ಹೆಸರಾದ ಓಣಿಗಳೂ ಕೃಷ್ಣೆಯೇ ನಲ್ಲಿಯಲ್ಲಿ ಹರಿದಂತೆ ನೀಲಿ. ಸಂದೇಹ ಯಾರಿಗೂ ಬರಲಿಲ್ಲ. ಖರ್ಚು ಹೆಚ್ಚಿಸುವ ತಪ್ಪನ್ನು ಏಳು ಮೇಜುಗಳ ಮೇಲೆ ತಿರುವಿ ಹಾಕಿ ನೋಡುವ ಮಹನೀಯರು, ಖರ್ಚು ಉಳಿಸುವ ತಪ್ಪನ್ನು ಕಣ್ಣಿಗೊತ್ತಿಕೊಂಡು ಸಹಿ ಮಾಡುತ್ತಾರೆ. ಟ್ಯಾಂಕರಿನ ಪಟ್ಟಿ ಅದೇ ವಾರ ಸಿದ್ಧವಾಯಿತು.

ಬೇಸಿಗೆ ಹತ್ತಿತು. ಒಂದು ಮಧ್ಯಾಹ್ನ ಬಸವರಾಜ ಫೋನನ್ನು ತನ್ನ ಕಿವಿಯಿಂದ ಕಿತ್ತು ನನ್ನ ಕಿವಿಗೆ ಹಿಡಿದ. ಆಚೆಯಿಂದ ಈರಮ್ಮನೆಂಬ ಹೆಂಗಸಿನ ದನಿ: "ಏನ್ರೀ, ಹೋದ ವರ್ಷ ನಮ್ಮ ಓಣಿಗಿ ಟ್ಯಾಂಕರ್ ಬರ್ತಿತ್ತು. ಈ ವರ್ಷ ಕೇಳಿದ್ರ, ನಿಮ್ದು ಸಿಹಿನೀರಿನ ಓಣಿ ಅಂತ ನಕ್ಷಿ ತೋರಸ್ತಾರ. ಆ ನಕ್ಷಿ ಬರದೋರು ಒಮ್ಮಿ ಬಂದು ನಮ್ಮ ಬೋರಿಂಗಿನ ನೀರಾಗ ಚಾ ಮಾಡಿ ಕುಡೀರಿ ನೋಡೋಣ." ನಾನು ಬಸವರಾಜನ ಕಡೆ ತಿರುಗಿದೆ. ಅವನು ಗಂಗೆಯ ಮೇಲೆ ಆಣೆ ಇಡುವವನಂತೆ, "ಮೇಡಂ, ಸುಳ್ಳ ಬರದಿಲ್ರಿ. ಕುಡದ ಬರದೀನಿ. ಸಕ್ಕರಿ ಹಂಗ ಇತ್ತು" ಎಂದ.

ಅವನು ತೆಗೆದ ಫೋಟೋ ತೆರೆದು ನೋಡಿದೆ. ಹುಣಸೆಹಣ್ಣು ಹಾಕಿ ಉಜ್ಜಿದ, ಥಳಥಳಿಸುವ ಹಿತ್ತಾಳೆಯ ತಂಬಿಗೆ. ಮುಂದಿನ ಮನೆಯದೂ ತಂಬಿಗೆ, ಅದರಾಚೆಯದೂ ತಂಬಿಗೆ. ನಿಮ್ಮ ಮನೆಗೆ ಬಿಸಿಲಲ್ಲಿ ಯಾರೋ ಬಂದು "ನೀರು ಕುಡಿಸಿ" ಎಂದರೆ ನೀವೇನು ಮಾಡುತ್ತೀರಿ, ಹೇಳಿ? ದನವೂ ಮೂಸದ ಬೋರಿಂಗಿನ ನೀರು ಕೊಡುತ್ತೀರೋ, ದೂರದ ಹೊಲದ ಬಾವಿಯಿಂದ ಹೊತ್ತು ತಂದು ಮುಚ್ಚಿಟ್ಟ ಕೊಡದಲ್ಲಿ ತಂಬಿಗೆ ಅದ್ದುತ್ತೀರೋ? ನನ್ನ ಪ್ರಶ್ನೆ ಅಳೆದದ್ದು ತಾಲ್ಲೂಕಿನ ನೀರನ್ನಲ್ಲ, ಅತಿಥಿಸತ್ಕಾರವನ್ನು. ಅದಂತೂ ಎಲ್ಲ ಓಣಿಗಳಲ್ಲಿ ಅಚ್ಚ ನೀಲಿಯಾಗಿಯೇ ಇತ್ತು. ಅದಕ್ಕೆ ದಂಡವಾಗಿ ಅವರ ನೀರು ನಿಂತಿತ್ತು.

ಸ್ಥಳಕ್ಕೆ ಹೋಗಿ ಮತ್ತೆ ಕುಡಿದು ಫಾರಂ ತುಂಬದೆ ದಾಖಲೆ ಬದಲಾಗದು. ಆ ಬೀಗ ಹಾಕಿದವಳೂ ನಾನೇ. ಮರುದಿನ ಬಸವರಾಜನ ಜೊತೆ ಬಸ್ಸು ಹತ್ತಿದೆ. ಈರಮ್ಮನ ಅಂಗಳಕ್ಕೆ ಕಾಲಿಟ್ಟೊಡನೆ, ಫೋನಿನಲ್ಲಿ ನನ್ನನ್ನು ಸುಟ್ಟಿದ್ದ ಅದೇ ಬಾಯಿ, "ಬಿಸಲಾಗ ಬಂದೀರಿ ಯವ್ವಾ, ಮೊದ್ಲ ನೀರ ಕುಡೀರಿ" ಎಂದಿತು, ಕೈಯಲ್ಲಿ ತಂಬಿಗೆ. ಬೇಡ, ಬೋರಿಂಗಿನ ನೀರೇ ಬೇಕೆಂದೆ. ಓಣಿಯೇ ನೆರೆಯಿತು.

"ಅಯ್ಯ, ಮನಿಗಿ ಬಂದೋರಿಗಿ ಸವಳ ನೀರ ಕೊಡಂಗಿಲ್ರಿ ನಾವು."

"ಕುಡೀದಿದ್ರ ಟ್ಯಾಂಕರ್ ಬರಂಗಿಲ್ಲ, ಈರಮ್ಮ."

"ಹೊಟ್ಟಿ ಕೆಟ್ಟು ನೀವು ಇಲ್ಲೇ ಬಿದ್ರ? ನಿಮ್ಮ ಮನ್ಯೋರು ನಮಗ ಏನಂತಾರ?" ಪಕ್ಕದ ಮನೆಯ ಅಜ್ಜಿ ನಡುವೆ ಬಾಯಿ ಹಾಕಿದಳು: "ಕುಡೀಲಿ ಬಿಡ ಯವ್ವಾ. ಬರದೋರು ಅವ್ರೇ, ಉಣ್ಣೋರೂ ಅವ್ರೇ ಆಗ್ಲಿ."

ಕುಡಿದೆ. ಆ ರುಚಿಯನ್ನು ವರ್ಣಿಸುವ ಸಂಸ್ಕೃತ ಪದ ನನಗೆ ತಿಳಿಯದು. ಮುಖವೇ ವರ್ಣಿಸಿರಬೇಕು, ಏಕೆಂದರೆ ಓಣಿ ಗೊಳ್ಳೆಂದಿತು. "ಸವಳು" ಎಂದು ಒತ್ತಿದೊಡನೆ ಫಾರಂ ಹುಬ್ಬು ಗಂಟಿಕ್ಕಿ ಕೇಳಿತು: "ಹಿಂದಿನ ದಾಖಲೆ: ಸಿಹಿ. ಬದಲಾವಣೆಗೆ ಕಾರಣ ಆಯ್ಕೆಮಾಡಿ." ಹೊಸ ಕೊಳವೆಬಾವಿ, ಪಂಪು ದುರಸ್ತಿ, ಅಂತರ್ಜಲ ಕುಸಿತ. ಮರ್ಯಾದೆ ಎಂಬ ಕಾರಣ ಆ ಪಟ್ಟಿಯಲ್ಲಿರಲಿಲ್ಲ. "ಇತರೆ" ಒತ್ತಿ, "ಮೊದಲು ಕುಡಿದದ್ದು ಅತಿಥಿಯ ನೀರು, ಈಗ ಕುಡಿದದ್ದು ಬೋರಿಂಗಿನದು" ಎಂದು ಬರೆದೆ.

ಬಾಯಿಯ ರುಚಿ ಹೋಗಲೆಂದು ಈರಮ್ಮ ಬೆಲ್ಲ ಕೊಟ್ಟಳು. ಅದನ್ನು ಚೀಪುತ್ತ, ಸುಮ್ಮನೆ ಕೂರಲಾರದೆ, "ಈ ನೀರಾಗ ಬ್ಯಾಳಿ ಕುದಿತಾವೇನು?" ಎಂದೆ. ಒಡ್ಡು ಒಡೆದಂತಾಯಿತು! "ಕಟ್ಟಗಿ ತೀರ್ತಾವ, ಬ್ಯಾಳಿ ಕುದ್ಯಂಗಿಲ್ಲ", "ಸೋಡಾ ಹಾಕಿದ್ರೂ ಗುಂಡಕಲ್ಲು", "ಹಾಲು ಹಾಕಿದ್ರ ಚಾ ಒಡೀತದ". ಕುಡಿಯಲು ನೀರು ಕೇಳಿದಾಗ ಮಾನ ಮುಚ್ಚಿಕೊಳ್ಳಲು ಹೊಲದ ಬಾವಿಯ ನೀರು ಕೊಟ್ಟಿದ್ದ ಮನೆಗಳೆಲ್ಲ ಬೇಳೆಯ ಮಾತಿಗೆ ಬಾಗಿಲು ತೆರೆದವು. ಅತಿಥಿಗೆ ಸವಳು ನೀರು ಕೊಡುವುದು ಅವಮಾನ; ಬೇಳೆಯ ಮೇಲೆ ದೂರು ಹೇಳುವುದಕ್ಕೆ ಯಾರಿಗೇನು ನಾಚಿಕೆ?

ಕುಡಿಯುವ ಪ್ರಶ್ನೆಯನ್ನು ಕಿತ್ತು, "ಈ ನೀರಿನಲ್ಲಿ ಬೇಳೆ ಬೇಯುತ್ತದೆಯೇ?" ಎಂದು ಹಾಕಿದೆ. "ಇದಕ್ಕ ಫೋಟೋ ಎಲ್ಲದ ಮೇಡಂ, ಪುರಾವೆ ಏನು?" ಎಂದು ಸಾಹೇಬರು ಕೂಗಾಡಿದರು. ಅವರನ್ನು ಊಟಕ್ಕೆ ಕರೆದು, ಈರಮ್ಮನ ಓಣಿಯಿಂದ ತಂದ ಒಂದು ಕ್ಯಾನು ನೀರಿನಲ್ಲಿ ಬೇಯಿಸಿದ ಬೇಳೆ ಬಡಿಸಿದೆ. ಅವರು ಒಂದು ತುತ್ತನ್ನು ಬಹಳ ಹೊತ್ತು ಅಗಿದರು. ಆಮೇಲೆ ಪುರಾವೆಯ ಮಾತು ಬರಲಿಲ್ಲ. ಬಸವರಾಜ ಮತ್ತೆ ಊರೂರು ಸುತ್ತಿದ. ನಕ್ಷೆ ಒಂದೊಂದೇ ಓಣಿಯಾಗಿ ಕೆಂಪಾಯಿತು. ಮೇಲಿನವರು ಈ ಸಲ ಪ್ರತಿ ಚುಕ್ಕೆಯನ್ನೂ ಭೂತಗನ್ನಡಿ ಹಿಡಿದು ನೋಡಿದರೆಂದು ಬೇರೆ ಹೇಳಬೇಕಿಲ್ಲ.

ಟ್ಯಾಂಕರು ಬರತೊಡಗಿದ ಮೇಲೆ ನೋಡಿಬರಲು ಹೋದೆ. ಈರಮ್ಮ ಆಗಷ್ಟೇ ಹಿಡಿದ ನೀರನ್ನು ತಂಬಿಗೆಯಲ್ಲಿ ತಂದಳು. ಕುಡಿದರೆ ತುಕ್ಕಿನ ರುಚಿ, ಬ್ಲೀಚಿಂಗ್ ಪುಡಿಯ ಘಾಟು. ಅವಳು ನನ್ನನ್ನೇ ನೋಡುತ್ತಿದ್ದಳು. "ಹೆಂಗದ ಯವ್ವಾ?"

"ಸಕ್ಕರಿ ಹಂಗ ಅದ" ಎಂದೆ.

ಈರಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. "ನಿಮ್ಮ ಮಾರಿ ನೋಡಿದ್ರ ಗೊತ್ತಾಗಂಗಿಲ್ಲೇನ್ರಿ? ಘಾಟ ಅದ ಅಂತನೇ ಬರಕೋರಿ. ಬ್ಯಾಳಿ ಕುದ್ದಾವ, ಅದನ್ನೂ ಬರಕೋರಿ. ಉಂಡು ಹೋಗ್ರಿ."