ಅರ ತಾಗಿದ ಜಾಗಟೆ

ಲಗ್ಯೋಪನ ಸುದ್ದಿ ನನ್ನ ಕಿವಿಗೆ ಮೊದಲು ಬಿದ್ದದ್ದು ಹೊಳೆಯಲ್ಲಿ ಗೆಣಸು ತೊಳೆಯುತ್ತಿದ್ದಾಗ. ಪಕ್ಕದ ಮನೆಯಾಕೆ ಇದ್ದೋಂಗ್, ಬುಟ್ಟಿ ಇಳಿಸಿದವಳೇ, "ನಿನ್ನ ಗಂಡನ ತಂಗಿ ಮೊಮ್ಮಗ ಲಗ್ಯೋಪ ಇದಾನಲ್ಲ, ಟಬುಕ್ ಪೇಟೇಲಿ ಕೀಬೋರ್ಡ್ ಜೊತೆ ನಮ್ಮ ಜಾಗಟೆ ಸೇರಿಸಿ ಹಾಡ್ತಾನಂತೆ. ರೇಡಿಯೋದಲ್ಲೂ ಬರ್ತಾನೆ. ಸ್ವರ ಹೊಂದಲ್ಲ ಅಂತ ಆಚೆ ಊರಿನ ಎರಡು ಜಾಗಟೆಗೆ ಅರ ಹಾಕಿ ಉಜ್ಜಿದಾನೆ. ಒಂದು ಸೀಳಿಹೋಯ್ತು. ಈಗ ನಿನ್ನದಕ್ಕೆ ಬರ್ತಾನೆ, ಬಾಗಿಲು ಹಾಕ್ಕೊ," ಎಂದಳು.

ಗೆಣಸನ್ನು ಅಲ್ಲೇ ಬಿಟ್ಟು ಮನೆಗೆ ಓಡಿದೆ. ನನ್ನ ಗಂಡ ಸುಮದಿಲ್‌ನ ಜಾಗಟೆ ಅಟ್ಟದ ಕೆಳಗೆ ತೂಗುತ್ತಲೇ ಇತ್ತು. ನಮ್ಮೂರಿನ ಆರು ಜಾಗಟೆಗಳಲ್ಲಿ ಅದು ಕೊನೆಯದು, ದನಿ ತಗ್ಗು. ಅವನು ಸತ್ತ ಮೇಲೆ ಸೂತಕದ ಒಂದು ವರ್ಷ ಯಾರೂ ಮುಟ್ಟಿರಲಿಲ್ಲ. ವರ್ಷ ತುಂಬಿ ಹನ್ನೊಂದು ದಿನವಾಗಿತ್ತು.

ಮೂರನೆಯ ದಿನ ಬೆಳಿಗ್ಗೆ ಲಗ್ಯೋಪ ಬಂದ. ಕಿವಿಗೆ ಓಲೆ, ಹರಿದ ಜೀನ್ಸ್, ಬೆನ್ನ ಮೇಲೆ ಬ್ಯಾಟರಿ ಕೀಬೋರ್ಡು, ಕಂಕುಳಲ್ಲಿ ಹುಂಜ. ಸತ್ತವನ ಜಾಗಟೆ ಇಳಿಸುವ ಮುನ್ನ ಅದಕ್ಕೆ ಹುಂಜದ ರಕ್ತ ತೋರಿಸಬೇಕೆಂಬುದನ್ನು ಮರೆತಿರಲಿಲ್ಲ, ಪುಣ್ಯ. ಊರ ಹಿರಿಯ ಅಮ್ಮುಸಾನ್, ಉಳಿದ ಐದು ಜಾಗಟೆಯ ಗಂಡಸರು ಅಂಗಳದಲ್ಲಿ ಕೂತರು.

"ಶನಿವಾರ ಟಬುಕ್‌ನಲ್ಲಿ ಹಾಡ್ಬೇಕು ಅಜ್ಜಿ. ಆರೂ ಇಲ್ದೆ ಈ ಹಾಡೇ ಇಲ್ಲ," ಎಂದ.

"ದನಿ ಕೆಟ್ರೆ ಈ ಐದು ಜನಾನೂ ಎದ್ದು ಹೋಗ್ತಾರೆ. ಆಮೇಲೆ ತಗಡಿನ ಡಬ್ಬಾ ಬಾರಿಸ್ಕೊ," ಎಂದ ಅಮ್ಮುಸಾನ್.

ಹುಂಜ ಕೊಯ್ದಾಯಿತು. ಜಾಗಟೆ ಇಳಿಸಿ ಅವನ ತೊಡೆಯ ಮೇಲಿಟ್ಟು, ಕಬ್ಬಿನ ಹೆಂಡ ತರಲು ಒಳಗೆ ಹೋದೆ. ಭರಣಿಗೆ ಕೈ ಹಾಕಿದ್ದೆನಷ್ಟೆ, ಹೊರಗೆ ಕರ್ರ್ ಎಂದು ಒಂದು ಸದ್ದು. ಹಲ್ಲು ಜುಮ್ಮೆಂದವು.

ಬಂದು ನೋಡಿದರೆ ಅಮ್ಮುಸಾನ್ ಕತ್ತಿ ಹಿರಿದು ನಿಂತಿದ್ದ. ಲಗ್ಯೋಪನ ಕೈಯಲ್ಲಿ ಅರ. ಜಾಗಟೆಯ ಅಂಚಿನಲ್ಲಿ ಉಗುರಿನಷ್ಟುದ್ದ ಹಳದಿ ಗೀರು. ಐವರೂ ಎದ್ದುಬಿಟ್ಟಿದ್ದರು.

"ಒಂದೇ ಸಲ ಅಜ್ಜಿ... ಕೂದಲೆಳೆಯಷ್ಟು ತಗ್ಗು ಇದೆ. ಕೀಬೋರ್ಡಿಗೆ ಹೊಂದಲ್ಲ."

"ತಗ್ಗಲ್ಲವೋ ಅದು, ನಿಮ್ಮಜ್ಜನ ದನಿ! ಗುಡ್ಡದಾಚೆ ಗದ್ದೇಲಿದ್ರೂ ಆರರಲ್ಲಿ ಸುಮದಿಲ್ ಯಾವುದು ಅಂತ ನಂಗೆ ತಿಳೀತಿತ್ತು. ಉಜ್ಜೋದಾದ್ರೆ ನಿನ್ನ ಪೆಟ್ಟಿಗೇನ ಉಜ್ಜು." ಗೀರಿನ ಮೇಲೆ ಬೆರಳಿಟ್ಟೆ. "ಹೊಡಿ. ಉಳಿದಿದೆಯೋ ಇಲ್ವೋ ನೋಡೋಣ."

ಅವನ ಕೈ ಏಳಲಿಲ್ಲ. ಅಮ್ಮುಸಾನ್ ಕತ್ತಿ ಇಳಿಸಲಿಲ್ಲ. ಕೊನೆಗೆ ಲಗ್ಯೋಪ ಕಣ್ಣು ಮುಚ್ಚಿ ಅಂಗೈಯಿಂದ ಬಡಿದ.

ಕಂಚು ಗುಂಯ್‌ಗುಟ್ಟಿತು. ಉಸಿರು ಹಿಡಿದು ಕೊನೆಯ ತನಕ ಕೇಳಿದೆ. ಅದೇ ದನಿ. ತುದಿಯಲ್ಲಿ ಮಾತ್ರ ಸಣ್ಣದೊಂದು ನಡುಕ, ಮೊದಲು ಇರದಿದ್ದದ್ದು.

"ಇದಾನೆ," ಎಂದೆ. ಐವರೂ ಕೂತರು.

ಲಗ್ಯೋಪ ಅರವನ್ನು ನನ್ನ ಕಾಲ ಬಳಿ ಇಟ್ಟು, ಕೀಬೋರ್ಡಿನ ಸ್ವರ ಏರಿಳಿಸುವ ತಿರುಪು ಹಿಡಿದು ಕೂತ. ಜಾಗಟೆ ಬಡಿಯುವುದು, ಕಿವಿಗೊಡುವುದು, ಚೂರೇ ಚೂರು ತಿರುಗಿಸುವುದು. ಮಧ್ಯಾಹ್ನದ ಹೊತ್ತಿಗೆ ಪೆಟ್ಟಿಗೆಯೇ ಇಳಿದುಬಂದು ಜಾಗಟೆಗೆ ಹೊಂದಿಕೊಂಡಿತು.

"ಇನ್ನು ನಮ್ಮ ತಂಡದ ಗಿಟಾರಿನವರೂ ಸ್ವರ ಇಳಿಸ್ಬೇಕು, ನನ್ನ ಕೊಲ್ತಾರೆ," ಎಂದು ಗೊಣಗಿದ.

"ಇಲ್ಲಿ ಸಾಯೋದಕ್ಕಿಂತ ವಾಸಿ," ಎಂದ ಅಮ್ಮುಸಾನ್, ಕತ್ತಿಯನ್ನು ಒರೆಗೆ ಸೇರಿಸುತ್ತ.

ಶನಿವಾರ ಹಾಡಿದ. ಭಾನುವಾರ ಜಾಗಟೆಯನ್ನು ಕಂಬಳಿಯಲ್ಲಿ ಸುತ್ತಿ ತಂದು ತಾನೇ ತೂಗುಹಾಕಿದ. ನಾನು ಅವನ ಅರವನ್ನು ಹಿಂದಿರುಗಿಸಲು ಚಾಚಿದೆ. ಅವನು ಮುಟ್ಟಲಿಲ್ಲ.

"ಅದು ನಿಮ್ಮ ಹತ್ರಾನೇ ಇರ್ಲಿ. ಮನಿಲಾಕ್ಕೆ ಹೋಗ್ತಿದೀನಿ, ಅಲ್ಲಿಯವರು ಜಾಗಟೆ ಸ್ವರ ಇನ್ನೂ ಏರಿಸು ಅಂತಾರೆ. ನಾನೇ ಬಂದು ಕಾಲಿಗೆ ಬಿದ್ರೂ ಅರ ಕೊಡ್ಬೇಡಿ ಅಜ್ಜಿ," ಎಂದ.