ಟ್ಯಾಂಕು ಪಾಸಾದ ದಿನ

ಪೆಟ್ರೋಲ್ ಬಂಕುಗಳಲ್ಲಿ ನೆಲದೊಳಗೆ ಹೂತ ಟ್ಯಾಂಕು ಸೋರುತ್ತಿದೆಯೋ ಇಲ್ಲವೋ ಎಂದು ನೋಡುವುದು ನನ್ನ ಕೆಲಸ. ಒಂದು ಸರಳು ಇಳಿಬಿಟ್ಟು, ಡೀಸೆಲ್ ಕೂದಲೆಳೆಯಷ್ಟು ಇಳಿದರೂ ಹಿಡಿಯಬೇಕು. ಬಿಸಿಗೆ ಅದು ಹಿಗ್ಗುತ್ತದೆ, ತಂಪಿಗೆ ಕುಗ್ಗುತ್ತದೆ, ಅದನ್ನೂ ಗಮನಿಸಬೇಕು. ಹಾಗಾಗಿ ಮಾರಾಟ ನಿಲ್ಲಿಸಿ, ಸುತ್ತ ಹಗ್ಗ ಕಟ್ಟಿ, ಎಲ್ಲರನ್ನೂ ದೂರ ಕಳಿಸಿ, ತಾಸುಗಟ್ಟಲೆ ಒಬ್ಬನೇ ಕೂರುತ್ತೇನೆ. ವ್ಯಾಪಾರ ನಿಲ್ಲಿಸಿದವನನ್ನು ಯಾರು ತಾನೇ ಮಾತಾಡಿಸುತ್ತಾರೆ? ಹನ್ನೊಂದು ವರ್ಷದಲ್ಲಿ ಯಾವ ಬಂಕಿನವರೂ ನನ್ನ ಹೆಸರು ಕೇಳಿರಲಿಲ್ಲ. ಎಲ್ಲ ಕಡೆ ನಾನು 'ಟೆಸ್ಟಿಂಗಿನವರು'.

ಅಣ್ಣಿಗೇರಿ ಹತ್ತಿರದ ಒಂದು ಬಂಕಿನಲ್ಲಿ ಮಾತ್ರ ಒಬ್ಬರು ದೂರ ಹೋಗಲಿಲ್ಲ. ದಿನಾ ಬೆಳಿಗ್ಗೆ ಟ್ಯಾಂಕಿಗೆ ಅಳತೆಕೋಲು ಇಳಿಸಿ ಡೀಸೆಲ್ ಎಷ್ಟಿದೆ ಎಂದು ನೋಡುತ್ತಿದ್ದ ಮುದುಕರು; ಎಲ್ಲರೂ ಅವರನ್ನು ಚಾಚಾ ಎನ್ನುತ್ತಿದ್ದರು. ಕೆಲವು ತಿಂಗಳಿಂದ ಮಾರಿದ ಲೆಕ್ಕಕ್ಕೆ ಹೊಂದದೆ ಡೀಸೆಲ್ ಕಡಿಮೆ ಬೀಳುತ್ತಿತ್ತು. ಟ್ಯಾಂಕು ಸೋರುತ್ತಿರಬೇಕು, ಇಲ್ಲವೆ ಮುದುಕ ಕದಿಯುತ್ತಿರಬೇಕು ಎಂದು ಮಾಲೀಕರು ನನಗೆ ಫೋನಿನಲ್ಲೇ ಹೇಳಿದ್ದರು. ತಮ್ಮ ಮೇಲೆ ಅನುಮಾನವಿದೆಯೆಂದು ಚಾಚಾಗೂ ಗೊತ್ತಿತ್ತು.

"ಮಷಿನ್ ಸುಳ್ಳ ಹೇಳೂದಿಲ್ಲಲ್ರಿ?" ಎಂದು ಕೇಳಿದರು.

"ಇಲ್ಲ ಚಾಚಾ."

"ಹಂಗಾರ ಚಿಂತಿಲ್ಲ ಬಿಡ್ರಿ."

ಹಗ್ಗದಾಚೆ ಕೂತು ಬುತ್ತಿ ಬಿಚ್ಚಿದರು. ನನ್ನ ಹೆಸರು ಕೇಳಿದರು; ಹೆಸರು ಹಿಡಿದೇ ಊಟಕ್ಕೆ ಕರೆದರು. "ಒಬ್ರ ಕುಂತು ಉಣಬಾರದ್ರಿ" ಎಂದು ಒಂದು ರೊಟ್ಟಿ, ಬದನೆಕಾಯಿ ಪಲ್ಯ ನನ್ನ ಕೈಗಿಟ್ಟರು. ನನಗೆ ಅಳು ಬಂತು. ರೊಟ್ಟಿಗೆ ಅಳುವವನು ಎಂಥ ಮನುಷ್ಯ ಎಂದು ನನ್ನ ಮೇಲೇ ಸಿಟ್ಟೂ ಬಂತು.

ಮೂರು ಗಂಟೆಗೆ ಫಲಿತಾಂಶ ಬಂತು. ಟ್ಯಾಂಕು ಒಂದು ಹನಿಯೂ ಸೋರುತ್ತಿರಲಿಲ್ಲ. ನಮ್ಮ ಕಸುಬಿನಲ್ಲಿ ಅದಕ್ಕೆ ಹೇಳುವುದು ಒಂದೇ ಮಾತು. ಅಭ್ಯಾಸಬಲದಿಂದ ಹೇಳಿಬಿಟ್ಟೆ:

"ಪಾಸ್ ಆತ್ರಿ ಚಾಚಾ."

ಅವರು ಎರಡೂ ಕೈಯಿಂದ ನನ್ನ ಕೈ ಹಿಡಿದರು. ಆಮೇಲೆ ಮನೆಗೆ ಫೋನ್ ಹಚ್ಚಿ ಹೆಂಡತಿಗೆ, "ಮೈ ಪಾಸ್ ಹೋಗಯಾ" ಎಂದರು. ಟ್ಯಾಂಕಲ್ಲ, ತಾನು ಪಾಸಾದೆ ಎಂದು.

ಟ್ಯಾಂಕು ಗಟ್ಟಿಯಿದ್ದರೆ ಕಳ್ಳ ಅವರೇ ಎಂದು ಮಾಲೀಕರು ತೀರ್ಮಾನಿಸುತ್ತಾರೆ. ಅದನ್ನು ಬಿಡಿಸಿ ಹೇಳಲು ನನಗೆ ಬಾಯಿ ಬರಲಿಲ್ಲ. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದು. ಟ್ಯಾಂಕಿನಿಂದ ಪಂಪಿಗೆ ಹೋಗುವ ಪೈಪನ್ನು ನಾನು ಮುಟ್ಟಿರಲಿಲ್ಲ. ಆರ್ಡರ್ ಟ್ಯಾಂಕಿಗಷ್ಟೇ ಇತ್ತು. ಪೈಪನ್ನೂ ನೋಡಿಸಿರಿ ಎಂದು ಮಾಲೀಕರಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ಕೇಳದೆ ಏಕೆ ಹೇಳಲಿ ಎಂದುಕೊಂಡು ಹುಬ್ಬಳ್ಳಿ ಬಸ್ಸು ಹತ್ತಿದೆ.

ಎರಡು ತಿಂಗಳ ಮೇಲೆ ಅದೇ ಮಾಲೀಕರು ಮತ್ತೆ ಕರೆಸಿದರು. ಚಾಚಾನನ್ನು ಕೆಲಸದಿಂದ ತೆಗೆದಿದ್ದರು. ಡೀಸೆಲ್ ಮಾತ್ರ ಕಡಿಮೆ ಬೀಳುತ್ತಲೇ ಇತ್ತು. ಈ ಸಲ ಪೈಪಿಗೆ ಒತ್ತಡ ಕೊಟ್ಟು ನೋಡಿದೆ; ಒತ್ತಡ ನಿಲ್ಲಲಿಲ್ಲ, ಎಲ್ಲೋ ಸೋರುತ್ತಿತ್ತು. ಅಗೆಸಿದರೆ ಎರೆಮಣ್ಣೆಲ್ಲ ಡೀಸೆಲ್ ನಾರುತ್ತಿತ್ತು.

ಸಂಜೆ ವಿಳಾಸ ಕೇಳಿಕೊಂಡು ಚಾಚಾನ ಮನೆಗೆ ಹೋದೆ. ಹೆಸರು ಹಿಡಿದು ಕರೆದು, ಕೂರಿಸಿ, ಚಹಾ ತರಿಸಿದರು. ಪೈಪು ಸೋರುತ್ತಿತ್ತು, ನಿಮ್ಮ ತಪ್ಪಿಲ್ಲ ಎಂದೆ.

"ಅದು ಅವತ್ತ ನೀವ ಹೇಳಿದ್ರಲ್ರಿ, ಪಾಸ್ ಅಂತ," ಎಂದರು. "ಪಾಸ್ ಆದವನ್ನ ಯಾಕ ತಗದ್ರು? ಅದೊಂದು ತಿಳೀವಲ್ತು ನೋಡ್ರಿ ನನಗ."

ಎಲ್ಲ ಹೇಳಿದೆ. ಪಾಸ್ ಎಂದರೆ ಏನು, ನಾನು ಏನನ್ನು ನೋಡಲಿಲ್ಲ, ಏನನ್ನು ಹೇಳದೆ ಹೋದೆ ಎಂಬುದನ್ನೂ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಚಹಾದ ಲೋಟ ಎತ್ತಿಟ್ಟು, ಎದ್ದು ಬಾಗಿಲು ತೆರೆದರು.

"ಇನ್ನೊಂದ ಬಸ್ ಐತ್ರಿ," ಎಂದರು, "ಹೊಂಡ್ರಿ ಟೆಸ್ಟಿಂಗಿನವ್ರ."